ವ್ಯಾಗನ್ ಮೇಲೆ ರಟ್ಟಿನ ಆಟೋ: ಹ್ಯಾಲೋವೀನ್‌ಗೆ ನಾಲ್ಕು ವಾರದ ಕೆಲಸ

2025ರ ಹ್ಯಾಲೋವೀನ್, ಅಂದರೆ ಅಕ್ಟೋಬರ್ 31, ಶುಕ್ರವಾರ ಬಂತು. ಮಕ್ಕಳು ವೇಷ ಹಾಕಿಕೊಂಡು ಮನೆ ಮನೆಗೆ ಹೋಗಿ ಮಿಠಾಯಿ ಕೇಳುವ ಹಬ್ಬ ಇದು, ಬಾಗಿಲಲ್ಲಿ ಮುಖ ಕೆತ್ತಿದ ಕುಂಬಳಕಾಯಿ ದೀಪ ಇಡುತ್ತಾರೆ. ಮಾರನೇ ದಿನವೇ ರಾಜ್ಯೋತ್ಸವ. ಎರಡಕ್ಕೂ ಸೇರಿಸಿ ಒಂದೇ ಗಾಡಿ ಕಟ್ಟಿದೆವು. ಮಕ್ಕಳನ್ನು ಕೂರಿಸಿ ಎಳೆಯುವ ಮಡಚೋ ವ್ಯಾಗನ್ ಇರುತ್ತಲ್ಲ, ಅದರ ಮೇಲೆ ರಟ್ಟಿನಲ್ಲಿ ಒಂದು ಬೆಂಗಳೂರು ಆಟೋ. ನಾವಿರುವುದು ಶಿಕಾಗೋ ಪಕ್ಕದ ಊರಿನಲ್ಲಿ. ಮಗಳು ಪುಟ್ಟಿಗೆ ಐದು ವರ್ಷ, ಮಗ ಪಾಪುಗೆ ಎರಡು. ಕೆಲಸ ಮುಗಿದ ಮೇಲೆ ಡೈರಿಯಲ್ಲಿ ಗೀಚಿದ್ದನ್ನು ಜೋಡಿಸಿ ಬರೆಯುತ್ತಿದ್ದೇನೆ. ಮುಂದಿನ ವರ್ಷ ವ್ಯಾಗನ್ ಮೇಲೆ ಏನಾದರೂ ಕಟ್ಟಬೇಕು ಅನ್ನುವವರು ತಪ್ಪಾಗಿದ್ದ ಕಡೆ ನಿಧಾನವಾಗಿ ಓದಿ.

ಅಕ್ಟೋಬರ್ 4, ಶನಿವಾರ

ಜುಲೈನಲ್ಲಿ ಊರಿಗೆ ಹೋದಾಗ ನನ್ನ ಸೋದರಮಾವನ ಆಟೋದಲ್ಲಿ ಮಕ್ಕಳು ಜಯನಗರ, ಬಸವನಗುಡಿ ಎಲ್ಲಾ ಸುತ್ತಿದ್ದರು. ವಾಪಸ್ ಬಂದ ಮೇಲೂ ಊಟದ ಮೇಜಿನ ಕುರ್ಚಿಗಳನ್ನು ಸಾಲಾಗಿ ಇಟ್ಟುಕೊಂಡು ಅದೇ ಆಟ. ಹ್ಯಾಲೋವೀನ್‌ಗೆ ಏನಾಗ್ತೀಯ ಅಂತ ಕೇಳಿದರೆ ಪುಟ್ಟಿ "ನಾನು ಡ್ರೈವರ್" ಅಂದಳು. ಪಾಪು "ಪೊಂ ಪೊಂ" ಅಂದ. ಅಲ್ಲಿಗೆ ತೀರ್ಮಾನ ಆಯಿತು.

ಮೊದಲ ದಿನವೇ ಒಂದು ಮಾತು ಮಾಡಿಕೊಂಡೆವು. ಕಟರ್, ಗರಗಸ, ಗ್ಲೂ ಗನ್ ದೊಡ್ಡವರದು. ಪೆನ್ಸಿಲ್ಲು, ಬ್ರಷ್ಷು, ಟೇಪು ಮಕ್ಕಳದು. ಅವರು ಬಳಿದದ್ದರ ಮೇಲೆ, ಅವರು ಬರೆದದ್ದರ ಮೇಲೆ ನಾವು ತಿದ್ದಬಾರದು.

ಅಕ್ಟೋಬರ್ 5, ಭಾನುವಾರ: ಅಳತೆ

ಪಕ್ಕದ ಮನೆಯವರು ಹೊಸ ಫ್ರಿಜ್ ತಂದಿದ್ದರು. ಅದರ ಪೆಟ್ಟಿಗೆ ಬಿಟ್ಟಿ ಸಿಕ್ಕಿತು. ಸಾಲದಿದ್ದಕ್ಕೆ ಮನೆ ಸಾಗಿಸುವಾಗ ಬಳಸುವ ದೊಡ್ಡ ಪೆಟ್ಟಿಗೆ ಎರಡು ಕೊಂಡೆ, 6 ಡಾಲರ್.

ನಮ್ಮ ವ್ಯಾಗನ್ 35 ಇಂಚು ಉದ್ದ, 20 ಇಂಚು ಅಗಲ, ನೆಲದಿಂದ ಅಂಚಿನವರೆಗೆ 21 ಇಂಚು. ಪುಟ್ಟಿ ಟೇಪಿನ ಒಂದು ತುದಿ ಹಿಡಿದಳು, ನಾನು ಬರೆದುಕೊಂಡೆ. ಬದಿಯ ತುಂಡು 40 ಇಂಚು ಉದ್ದ, 20 ಇಂಚು ಎತ್ತರ. ಕೆಳಗೆ ನೆಲದಿಂದ 4 ಇಂಚು ಬಿಡಬೇಕು ಅಂತ ಲೆಕ್ಕ. ಅಳತೆ ತೆಗೆದಾಗ ವ್ಯಾಗನ್ ನಿಂತಿತ್ತು. ಓಡುವಾಗ ಏನೇನು ಅಲ್ಲಾಡುತ್ತೆ ಅನ್ನೋದನ್ನು ನೋಡಲೇ ಇಲ್ಲ. ಮುಂದೆ ಬಂದ ತೊಂದರೆಗಳಲ್ಲಿ ಅರ್ಧ ಇಲ್ಲೇ ಶುರುವಾಗಿದ್ದು.

ಅಕ್ಟೋಬರ್ 11 ಮತ್ತು 12: ಬಾಡಿ, ಮೂತಿ, ಮತ್ತು ದೊಡ್ಡ ತಪ್ಪು

ಬದಿಗಳು ಸುಲಭವಾಗಿ ಆದವು. ಕತ್ತರಿಸುವ ಮೊದಲು ಮಾವನಿಗೆ ವಿಡಿಯೋ ಕಾಲ್ ಮಾಡಿ ಪೆನ್ಸಿಲ್ ಗೆರೆ ತೋರಿಸಿದೆ. ಎರಡೂ ಕಡೆ ಬಾಗಿಲಿನ ಜಾಗ ಬಿಟ್ಟಿದ್ದೆ. ಮಾವ ತಕ್ಷಣ, "ಬಲಗಡೆ ಯಾಕಮ್ಮಾ ಬಿಟ್ಟೆ? ಅಲ್ಲಿ ಕಂಬಿ ಹಾಕು. ಹತ್ತೋದು ಇಳಿಯೋದು ಎಡಗಡೆ ಮಾತ್ರ. ಮಗು ರಸ್ತೆ ಕಡೆ ಇಳಿದುಬಿಟ್ಟರೆ?" ಅಂದರು. ಬಲಗಡೆ ಮುಚ್ಚಿ, ಮೇಲೆ ಕಪ್ಪು ಟೇಪು ಸುತ್ತಿದ ಕೋಲು ಅಡ್ಡ ಕಟ್ಟಿದೆ. ಆಮೇಲೆ ಇದು ನಿಜವಾಗಿಯೂ ಉಪಯೋಗಕ್ಕೆ ಬಂತು.

ಮೂತಿ ಎರಡು ಸಲ ಮಾಡಬೇಕಾಯಿತು. ರಟ್ಟಿನ ಒಳಗೆ ಅಲೆ ಅಲೆಯಾಗಿ ಸಾಲುಗಳಿರುತ್ತವೆ. ಆ ಸಾಲುಗಳು ಅಡ್ಡಡ್ಡ ಬರುವ ಹಾಗೆ ಕತ್ತರಿಸಿ ಬಗ್ಗಿಸಿದೆ. ಗುಂಡಗೆ ಬಾಗುವ ಬದಲು ಎಲ್ಲೆಂದರಲ್ಲಿ ಮುರಿದು ನೆರಿಗೆ ಬಿತ್ತು. ಎರಡನೇ ಸಲ ಸಾಲುಗಳು ಮೇಲಿಂದ ಕೆಳಕ್ಕೆ ಬರುವಂತೆ ಕತ್ತರಿಸಿದೆ. ಒಳಮೈಯಲ್ಲಿ ಇಂಚಿಗೊಂದು ಗೆರೆ, ಕಟರ್‌ನಿಂದ ಅರ್ಧ ದಪ್ಪ ಮಾತ್ರ ಕೊಯ್ದೆ. ಆಗ ರೊಟ್ಟಿ ಸುತ್ತಿಕೊಂಡ ಹಾಗೆ ಚೆನ್ನಾಗಿ ಬಾಗಿತು.

ರಟ್ಟನ್ನು ವ್ಯಾಗನ್ನಿನ ಕಬ್ಬಿಣದ ಚೌಕಟ್ಟಿಗೆ ಜಿಪ್ ಟೈ ಹಾಕಿ ಬಿಗಿದೆ. ಬರೀ ತೂತು ಮಾಡಿ ಬಿಗಿದರೆ ರಟ್ಟು ಹರಿದುಕೊಂಡು ಬರುತ್ತೆ. ತೂತಿನ ಎರಡೂ ಕಡೆ ಡಕ್ಟ್ ಟೇಪು ಅಂಟಿಸಿ, ಅದರ ಮೇಲೆ ತೂತು ಮಾಡಬೇಕು. ಒಟ್ಟು ಹದಿನಾಲ್ಕು ಕಡೆ ಕಟ್ಟಿದೆ.

ಭಾನುವಾರ ಸಂಜೆ ಮೂತಿ ಅಂಟಿಸಿ ಹಿಂದೆ ಸರಿದು ನೋಡಿದೆ. ಆಟೋ ಥರಾನೇ ಕಾಣ್ತಿತ್ತು. ನಮ್ಮನೆಯವರು ಬಂದು, "ಎಳೆಯೋ ಹಿಡಿ ಎಲ್ಲಿ?" ಅಂದರು.

ಹಿಡಿ ಮೂತಿಯ ಒಳಗೆ ಸಿಕ್ಕಿಕೊಂಡಿತ್ತು. ವ್ಯಾಗನ್ ಎಳೆಯುವ ಹಿಡಿಯನ್ನೇ ಮರೆತು ಅದರ ಮುಂದೆ ಗೋಡೆ ಕಟ್ಟಿದ್ದೆ.

ಮೊದಲು ಇಡೀ ಆಟೋವನ್ನು ಹಿಂದುಮುಂದು ಮಾಡಿ ನೋಡಿದೆವು. ಹಿಡಿ ಹಿಂದೆ ಬಂದರೆ ತಳ್ಳಿಕೊಂಡು ಹೋಗಬಹುದು, ಆಟೋದ ಮುಖವೂ ಎಲ್ಲರಿಗೂ ಕಾಣುತ್ತೆ ಅಂತ. ಆಗಲಿಲ್ಲ. ಹಿಡಿಯ ಬುಡದಲ್ಲಿ ಕೀಲು ಇದೆ. ಎಳೆದರೆ ನೆಟ್ಟಗಿರುತ್ತೆ, ತಳ್ಳಿದರೆ ಮಡಚಿಕೊಳ್ಳುತ್ತೆ. ಕೀಲಿಗೆ ಕೋಲು ಕಟ್ಟಿ ಬಿಗಿ ಮಾಡಿದರೆ ತಿರುಗಿಸೋಕೆ ಬರಲ್ಲ. ಎರಡು ಗಂಟೆ ಹೋಯಿತು. ಕೊನೆಗೆ ಮತ್ತೆ ಮೊದಲಿನ ದಿಕ್ಕಿಗೇ ಇಟ್ಟು, ಮೂತಿಯ ಕೆಳಗೆ 3 ಇಂಚು ಅಗಲದ ಸೀಳು ಕೊಯ್ದೆ. ಹಿಡಿ ಹೊರಗೆ ಬಂತು. ನೆಟ್ಟಗೆ ಎಳೆದರೆ ಸರಿ, ತಿರುಗಿಸಿದರೆ ರಟ್ಟಿಗೆ ತಾಗಿ ನಿಲ್ಲುತ್ತಿತ್ತು. ಹಿಡಿಯ ಜೊತೆ ಮುಂದಿನ ಚಕ್ರಗಳೂ ತಿರುಗುತ್ತವೆ, ಅವೂ ರಟ್ಟಿಗೆ ಉಜ್ಜುತ್ತಿದ್ದವು. ಸೀಳನ್ನು ಕೆಳಗೆ 9 ಇಂಚು, ಮೇಲೆ 4 ಇಂಚು ಮಾಡಿದ ಮೇಲೆ ಗಾಡಿ ಸಲೀಸಾಗಿ ತಿರುಗಿತು.

ಮೂತಿಯ ನಡುವೆ ಅಷ್ಟು ದೊಡ್ಡ ತೂತು ನೋಡಿ ಬೇಜಾರಾಗಿತ್ತು. ದಾರಿ ತೋರಿಸಿದ್ದು ಪುಟ್ಟಿ. "ಅಲ್ಲಿ ಚಕ್ರ ಬರಬೇಕು ಅಲ್ವಾ ಅಮ್ಮಾ?" ಅಂದಳು. ನಿಜ, ಆಟೋಗೆ ಮುಂದೆ ಒಂದೇ ಚಕ್ರ, ಅದೂ ನಡುವೆ! ಕಪ್ಪು ಫೆಲ್ಟ್ ಬಟ್ಟೆಯನ್ನು ಪರದೆಯ ಹಾಗೆ ಇಳಿಬಿಟ್ಟು, ನಡುವೆ ಸೀಳಿ, ಎರಡೂ ಕಡೆ ಅರ್ಧರ್ಧ ಚಕ್ರ ಅಂಟಿಸಿದೆವು. ಹಿಡಿ ಆ ಸೀಳಿನಿಂದ ಹೊರಗೆ ಬರುತ್ತೆ. ಗಾಡಿ ನಿಂತಾಗ ಇಡೀ ಚಕ್ರ ಕಾಣುತ್ತೆ.

ಅಕ್ಟೋಬರ್ 18, ಶನಿವಾರ: ಕುಂಬಳಕಾಯಿ, ಅವಸರ

ಆಟೋ ಬಿಟ್ಟು ತೋಟಕ್ಕೆ ಹೋದೆವು. ಕುಂಬಳಕಾಯಿ ಬೆಳೆಯುವುದರಲ್ಲಿ ಅಮೆರಿಕದಲ್ಲಿ ಇಲಿನಾಯ್ ರಾಜ್ಯವೇ ಮೊದಲು. ಆದರೆ ಅದರಲ್ಲಿ ಹೆಚ್ಚಿನ ಪಾಲು ಮಾರ್ಟನ್ ಊರಿನ ಕಡೆ ಡಬ್ಬಿಗೆ ಹೋಗುವ ಕಾಯಿ. ಮುಖ ಕೆತ್ತುವ ಕಾಯಿ ಬೇರೆ ಜಾತಿ, ಕೆಂಪು ಹಳದಿ ಬಣ್ಣ, ದಪ್ಪ ತೊಟ್ಟು. 12 ಡಾಲರ್ ಕೊಟ್ಟು ಒಂದು ದೊಡ್ಡದು ತಂದೆವು.

ಊರಲ್ಲಿರುವ ಅಮ್ಮನಿಗೆ ಫೋನಿನಲ್ಲಿ ತೋರಿಸಿದೆ. "ನಾವು ಬೂದುಗುಂಬಳಕ್ಕೆ ಕಣ್ಣು ಮೀಸೆ ಬರೆದು ದೃಷ್ಟಿಗೆ ಕಟ್ತೀವಲ್ಲ, ಅದೇ ತಾನೆ? ಇಡೀ ಕಾಯಿಗೆ ಹೆಂಗಸರು ಮೊದಲು ಚಾಕು ಹಾಕಬಾರದು ಕಣೇ, ಅವರ ಕೈಲಿ ಹಾಕಿಸು" ಅಂದರು. ಮೊದಲ ಏಟು ನಮ್ಮನೆಯವರು ಹಾಕಿದರು, ಉಳಿದದ್ದು ನಾನು ಕೊಯ್ದೆ.

ತೊಟ್ಟಿನ ಕಡೆ ಅಲ್ಲ, ಬುಡದ ಕಡೆ ಕೊಯ್ಯಿರಿ. ದೀಪದ ಮೇಲೆ ಹಾಗೇ ಮುಚ್ಚಿ ಇಡಬಹುದು. ತೊಟ್ಟಿನ ಕಡೆ ಕೊಯ್ದರೆ ಮುಚ್ಚಳ ಒಣಗಿ ಕುಗ್ಗಿ ಒಳಗೆ ಬೀಳುತ್ತೆ. ಮುಖ ಬರುವ ಕಡೆ ಒಳಗಿನಿಂದ ಕೆರೆದು ತಿರುಳು 1 ಇಂಚು ದಪ್ಪ ಮಾತ್ರ ಉಳಿಸಿದೆ. ಪುಟ್ಟಿಗೆ ಒಳಗಿನ ನಾರು, ಲೋಳೆ ಮುಟ್ಟೋಕೆ ಆಗಲಿಲ್ಲ, ಕೈ ಹಿಂದೆ ಕಟ್ಟಿಕೊಂಡು ನಿಂತಳು. ಅವಳಿಗೆ ಮಾರ್ಕರ್ ಕೊಟ್ಟು ಮುಖ ಬರೆಯೋಕೆ ಹೇಳಿದೆ. ಪಾಪು ಮೊಣಕೈವರೆಗೂ ಕೈ ಹಾಕಿ ಬೀಜ ತೆಗೆದ. ಒಂದೊಂದೇ ಬೀಜ ಹಿಡಿದು ಹಿಚುಕಿದಾಗ ಅದು ಜಾರಿ ಚಿಮ್ಮುವುದು, ಅವನು ಹುಡುಕಿಕೊಂಡು ಹೋಗುವುದು, ಮತ್ತೆ ತಂದು ಹಿಚುಕುವುದು. ಅರ್ಧ ಗಂಟೆ ಅದೇ.

ಬೀಜ ತೊಳೆದು, ಎಣ್ಣೆ, ಉಪ್ಪು, ಖಾರದ ಪುಡಿ, ಚಿಟಿಕೆ ಇಂಗು ಹಾಕಿ ಓವನ್ನಿನಲ್ಲಿ 325 ಡಿಗ್ರಿ ಫ್ಯಾರನ್‌ಹೀಟ್‌ಗೆ 20 ನಿಮಿಷ ಇಟ್ಟೆ. ಮೆತ್ತಗೆ ಜಗಿಯುವ ಹಾಗೆ ಬಂತು. ತೊಳೆದ ಮೇಲೆ ಬಟ್ಟೆ ಮೇಲೆ ಹರಡಿ ಪೂರ್ತಿ ಒಣಗಿಸಬೇಕಿತ್ತು. ಎರಡನೇ ಸಲ ರಾತ್ರಿಯಿಡೀ ಒಣಗಿಸಿ ಮಾಡಿದೆ, ಗರಿಗರಿಯಾಗಿ ಬಂತು.

ಇಲ್ಲಿನ ದೊಡ್ಡ ತಪ್ಪು ದಿನದ್ದು. ಹಬ್ಬಕ್ಕೆ ಇನ್ನೂ 13 ದಿನ ಇತ್ತು. 24ನೇ ತಾರೀಖಿನ ಹೊತ್ತಿಗೆ ಒಳಗೆಲ್ಲಾ ಕಪ್ಪು ಬೂಷ್ಟು. ಮಾರನೇ ದಿನ ಅಳಿಲು ಒಂದು ಕಣ್ಣನ್ನು ಬಾಯಿಯವರೆಗೂ ತಿಂದಿತ್ತು. ಪುಟ್ಟಿ ಅತ್ತಳು. ತಾನೇ ಬರೆದ ಮುಖ ಅಲ್ವಾ.

ಅಕ್ಟೋಬರ್ 19, ಭಾನುವಾರ: ಬಣ್ಣ

ಹಸಿರು ಒಂದು ಡಬ್ಬಿ, ಹಳದಿ ಒಂದು ಡಬ್ಬಿ, ಎಂಟೆಂಟು ಔನ್ಸ್, ಗೋಡೆಗೆ ಬಳಿದು ನೋಡೋಕೆ ಮಾರುವ ಸ್ಯಾಂಪಲ್ ಬಣ್ಣ. ಒಂದಕ್ಕೆ 6 ಡಾಲರ್. ಮೈ ಹಸಿರು, ನಡುವೆ ಹಳದಿ ಪಟ್ಟೆ.

ಗ್ಯಾರೇಜಿನಲ್ಲಿ ಬಳಿದೆವು. ಡಬ್ಬಿಯ ಮೇಲೆ 50 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಚಳಿ ಇದ್ದರೆ ಬಳಿಯಬೇಡಿ ಅಂತ ಬರೆದಿತ್ತು. ಓದಿದ್ದು ಬಳಿದ ಮೇಲೆ. ರಾತ್ರಿ ಗ್ಯಾರೇಜು 45ಕ್ಕೆ ಇಳಿದಿತ್ತು. ಬೆಳಿಗ್ಗೆ ಮುಟ್ಟಿದರೆ ಇನ್ನೂ ಅಂಟು. ಜೊತೆಗೆ ರಟ್ಟು ಬಿಲ್ಲಿನ ಹಾಗೆ ಬಾಗಿತ್ತು. ಒಂದೇ ಮೈಗೆ ದಪ್ಪಗೆ ನೀರಿನ ಬಣ್ಣ ಬಳಿದರೆ ಹಾಗೇ ಆಗುತ್ತೆ. ಎಲ್ಲಾ ತುಂಡುಗಳನ್ನೂ ಒಳಗೆ ತಂದು, ಹಿಂಬದಿಗೂ ತೆಳುವಾಗಿ ಒಂದು ಸಲ ಬಳಿದು, ಒಣಗಿದ ಮೇಲೆ ನೆಲದ ಮೇಲೆ ಹಾಸಿ ಭಾರ ಹೇರಿದೆ. ಎರಡು ದಿನಕ್ಕೆ ನೆಟ್ಟಗಾದವು. ಬಲಗಡೆಯ ತುಂಡು ಮಾತ್ರ ಅರ್ಧ ಇಂಚು ಬಾಗಿಯೇ ಉಳಿಯಿತು. ಹಿಂಬದಿಗೂ ಬಳಿದದ್ದರಿಂದ ಹಸಿರು ಇನ್ನೊಂದು ಡಬ್ಬಿ ತರಬೇಕಾಯಿತು.

ಒಳಗೆ ತಂದಾಗ ಪಾಪು ಹಸಿ ಬಣ್ಣದ ಮೇಲೆ ಅಂಗೈ ಊರಿದ. ಎಡಗಡೆ ಬಾಗಿಲಿನ ಪಕ್ಕ, ಐದೂ ಬೆರಳು ಸ್ಪಷ್ಟವಾಗಿ. ಮಾತು ಕೊಟ್ಟ ಹಾಗೆ ಅದನ್ನು ಅಳಿಸಲಿಲ್ಲ.

ಮಾರನೇ ದಿನದಿಂದ ದೀಪಾವಳಿ. ಆ ವಾರ ಆಟೋ ಮುಟ್ಟಲಿಲ್ಲ.

ಅಕ್ಟೋಬರ್ 25, ಶನಿವಾರ: ಟಾಪು ಮತ್ತು ಅಕ್ಕಿ ಮೂಟೆ

ಮೊದಲು ಟಾಪನ್ನೂ ರಟ್ಟಿನಲ್ಲೇ ಮಾಡಿದ್ದೆ. ಮಕ್ಕಳನ್ನು ಕೂರಿಸುವ ಮೊದಲು 20 ಪೌಂಡಿನ ಸೋನಾ ಮಸೂರಿ ಅಕ್ಕಿ ಮೂಟೆ ಇಟ್ಟು ಬೀದಿಯಲ್ಲಿ ಒಂದು ಸುತ್ತು ಎಳೆದೆವು. ಫುಟ್‌ಪಾತಿನ ಅಂಚು ಇಳಿಯುವಾಗ ಗಾಡಿ ಬಲಕ್ಕೆ ವಾಲಿ ಉರುಳಿಯೇಬಿಟ್ಟಿತು. ಮೇಲಿನ ಭಾರ ಜಾಸ್ತಿಯಾಗಿತ್ತು, ಗಾಳಿಗೆ ಟಾಪು ಹಾಯಿಯ ಹಾಗೆ ತಳ್ಳುತ್ತಿತ್ತು. ಅಕ್ಕಿಯ ಜಾಗದಲ್ಲಿ ಪಾಪು ಇದ್ದಿದ್ದರೆ ಅಂತ ನೆನೆಸಿಕೊಂಡು ಕೈ ನಡುಗಿತು. ಮಕ್ಕಳು ಕೂರುವಂಥದ್ದು ಏನೇ ಕಟ್ಟಿದರೂ ಅಷ್ಟೇ ತೂಕದ ಮೂಟೆ ಇಟ್ಟು ಮೊದಲು ಎಳೆದು ನೋಡಿ. ಇಡೀ ಕೆಲಸದಲ್ಲಿ ನಾನು ಮಾಡಿದ ಒಳ್ಳೇ ಕೆಲಸ ಅಂದರೆ ಇದೇ.

ರಟ್ಟಿನ ಟಾಪು ಕಿತ್ತು ಬಿಸಾಡಿದೆ. ಅರ್ಧ ಇಂಚಿನ ಪಿವಿಸಿ ಪೈಪು, 10 ಅಡಿಯವು ಎರಡು ತಂದೆವು. ಕಂಬಗಳು 30 ಇಂಚಿನವು ನಾಲ್ಕು, ಅಡ್ಡಕ್ಕೆ 20 ಇಂಚಿನವು ಎರಡು, ಉದ್ದಕ್ಕೆ 30 ಇಂಚಿನವು ಎರಡು. ಒಟ್ಟು 220 ಇಂಚು, ಎರಡು ಪೈಪಿನಲ್ಲಿ ಮುಗಿಯಿತು, 20 ಇಂಚು ಉಳಿಯಿತು. ಮೂಲೆಗೆ ತಂದ ಎಲ್‌ಬೋ ಎರಡು ಪೈಪನ್ನು ಮಾತ್ರ ಸೇರಿಸುತ್ತೆ. ಮೂಲೆಯಲ್ಲಿ ಸೇರಬೇಕಾದ್ದು ಮೂರು. ಮತ್ತೆ ಅಂಗಡಿಗೆ ಹೋಗಲಿಲ್ಲ. ಎಲ್‌ಬೋ ಹಾಕಿ ಮುಂದೊಂದು ಹಿಂದೊಂದು ಬಾಗಿಲ ಚೌಕಟ್ಟಿನ ಹಾಗೆ ಮಾಡಿದೆ. ಉದ್ದದ ಪೈಪುಗಳನ್ನು ಜಿಪ್ ಟೈ ಮತ್ತು ಟೇಪಿನಿಂದ ಕಟ್ಟಿದೆ. ಕಂಬಗಳ ಬುಡ ವ್ಯಾಗನ್ನಿನ ನಾಲ್ಕು ಮೂಲೆಯ ಒಳಗೆ, ಒಂದೊಂದಕ್ಕೂ ಎರಡು ಕಡೆ ಕಟ್ಟು. ಮೇಲೆ ಹಳದಿ ಪ್ಲಾಸ್ಟಿಕ್ ಮೇಜುಹಾಸು, ಒಂದೂವರೆ ಡಾಲರಿನದು. ಒಂದು ಹರಿದರೆ ಇರಲಿ ಅಂತ ಎರಡು ತಂದಿದ್ದೆ.

ಮತ್ತೆ ಅಕ್ಕಿ ಮೂಟೆ, ಮತ್ತೆ ಅದೇ ಅಂಚು. ಮೂರು ಸಲ ಇಳಿಸಿದೆವು, ಉರುಳಲಿಲ್ಲ.

ಈ ದಿನವೇ ಗ್ಲೂ ಗನ್ನಿನಿಂದ ಹೆಬ್ಬೆರಳು ಸುಟ್ಟುಕೊಂಡೆ. ಬಿಸಿ ಅಂಟು ಹಚ್ಚಿ ರಟ್ಟನ್ನು ಬರಿಗೈಯಲ್ಲಿ ಒತ್ತಬೇಡಿ, ಮರದ ಸೌಟಿನಿಂದ ಒತ್ತಿ.

ಅಕ್ಟೋಬರ್ 26, ಭಾನುವಾರ: ಮೀಟರು, ಬೋರ್ಡು, ಹಾರನ್ನು

ಮಕ್ಕಳ ಕೆಲಸ ಜಾಸ್ತಿ ಇದ್ದದ್ದು ಈ ದಿನ, ಎಲ್ಲರಿಗೂ ಖುಷಿಯಾಗಿದ್ದೂ ಈ ದಿನವೇ.

ನಂಬರ್ ಪ್ಲೇಟು ಹಳದಿ ಮೇಲೆ ಕಪ್ಪು ಅಕ್ಷರ: ಕೆಎ 05 ಪು 3110. 05 ಜಯನಗರದ್ದು, ಪು ಅಂದರೆ ಪುಟ್ಟಿ, ಕೊನೆಯದು ತಾರೀಖು. ಡ್ರೈವರ್ ಸೀಟಿನ ಹಿಂದೆ ಚಾಲಕರ ಡಿಸ್‌ಪ್ಲೇ ಕಾರ್ಡ್ ಇರಬೇಕು ಅಂತ ಮಾವ ನೆನಪಿಸಿದರು. ಪುಟ್ಟಿಯ ಫೋಟೋ ಅಂಟಿಸಿ, ಹೆಸರು, ವಯಸ್ಸು ಅವಳ ಕೈಯಲ್ಲೇ ಬರೆಸಿದೆ.

ಮೀಟರಿಗೆ ಹಳೇ ಮೊಬೈಲ್ ಪೆಟ್ಟಿಗೆ. ಒಳಗೆ ಎರಡು ರಟ್ಟಿನ ಬಿಲ್ಲೆ, ಒಂದೊಂದರ ಮೇಲೂ ಸುತ್ತ 0ಯಿಂದ 9. ಒಂದೊಂದು ಮನೆ ಆದ ಮೇಲೂ ಒಂದು ಅಂಕಿ ತಿರುಗಿಸಬೇಕು. ಕೆಳಗೆ ಚೀಟಿ: ಕನಿಷ್ಠ ದರ 36. ಬೆಂಗಳೂರಿನಲ್ಲಿ ಆಗಸ್ಟ್ 1ರಿಂದ ಮೊದಲ 2 ಕಿಲೋಮೀಟರಿಗೆ 30 ಇದ್ದದ್ದು 36 ರೂಪಾಯಿ ಆಗಿದೆ. ಪುಟ್ಟಿಗೆ 30 ಅಂತಲೇ ನೆನಪು. ಮಾವ ಫೋನಿನಲ್ಲಿ "ಆರು ರೂಪಾಯಿ ಜಾಸ್ತಿ ತಗೋ ಮಗಳೇ" ಅಂದ ಮೇಲೆ ತಿದ್ದಿ ಬರೆದಳು.

ಹಿಂದುಗಡೆ "ಅಮ್ಮನ ಆಶೀರ್ವಾದ" ಅಂತ ಬರೆಯಬೇಕಿತ್ತು. ಅವಳು ಭಾನುವಾರದ ಕನ್ನಡ ಕ್ಲಾಸಿನಲ್ಲಿ ಈಗಷ್ಟೇ ಒತ್ತಕ್ಷರಕ್ಕೆ ಬಂದಿದ್ದಾಳೆ. ನಾಲಿಗೆ ಹೊರಗೆ ಚಾಚಿಕೊಂಡು, ಬ್ರಷ್ಷನ್ನು ಮುಷ್ಟಿಯಲ್ಲಿ ಹಿಡಿದು ಅ ಬರೆದಳು, ಮ ಬರೆದಳು. ಮಕಾರದ ಒತ್ತನ್ನು ಕೆಳಗೆ ಹಾಕುವ ಬದಲು ಪಕ್ಕದಲ್ಲಿ ಚಿಕ್ಕದಾಗಿ ಇಟ್ಟಳು. ಅಷ್ಟರಲ್ಲಿ ಜಾಗ ಮುಗಿಯಿತು. "ಆಶೀರ್ವಾದ" ಕೆಳಗಿನ ಸಾಲಿಗೆ ಇಳಿದು ಬಂಪರಿನವರೆಗೂ ಹೋಯಿತು. ಒಂದು ಗಂಟೆ ಹತ್ತು ನಿಮಿಷ ಹಿಡಿಯಿತು. ಇಡೀ ಆಟೋದಲ್ಲಿ ನನಗೆ ತುಂಬಾ ಇಷ್ಟವಾದ ಜಾಗ ಅದೇ.

ಹೆಡ್‌ಲೈಟಿಗೆ ಮೊಸರಿನ ಡಬ್ಬಿ, ಒಳಗೆ ಬ್ಯಾಟರಿ ದೀಪ. ಟಾಪಿನ ಅಂಚಿಗೆ ದೀಪಾವಳಿಯ ಸೀರಿಯಲ್ ಸೆಟ್ಟು, ಬ್ಯಾಟರಿಯದು. ಹಿಂದೆ ಮತ್ತು ಎರಡೂ ಬದಿಗೆ ಬೆಳಕು ಬಿದ್ದರೆ ಹೊಳೆಯುವ ಟೇಪು. ರಬ್ಬರ್ ಉಂಡೆ ಒತ್ತುವ ಹಾರನ್ನು 9 ಡಾಲರ್, ಪಾಪುವಿನ ಕೈಗೆ ಎಟುಕುವ ಕಡೆ ಕಟ್ಟಿದೆ.

ಅಕ್ಟೋಬರ್ 29, ಬುಧವಾರ: ಎರಡನೇ ಕುಂಬಳಕಾಯಿ

ದಿನಸಿ ಅಂಗಡಿಯದು, 5 ಡಾಲರ್. ಕೆತ್ತಿದ ಮೇಲೆ ಒಂದು ಗ್ಯಾಲನ್ ನೀರಿಗೆ ಒಂದು ದೊಡ್ಡ ಚಮಚ ಬ್ಲೀಚ್ ಬೆರೆಸಿ ಒಳಗೂ ಹೊರಗೂ ಒರೆಸಿದೆ, ಒಣಗಿಸಿದೆ, ಕೊಯ್ದ ಅಂಚಿಗೆಲ್ಲಾ ವ್ಯಾಸಲೀನ್ ಸವರಿದೆ. ಬ್ಲೀಚ್ ಕೆಲಸ ಮಕ್ಕಳು ಮಲಗಿದ ಮೇಲೆ. ಮೇಣದ ಬತ್ತಿ ಬೇಡ, ಬ್ಯಾಟರಿ ದೀಪ ಸಾಕು. ಹಬ್ಬದ ದಿನ ಚೆನ್ನಾಗಿಯೇ ಇತ್ತು.

3 ಡಾಲರಿನ ಸಣ್ಣದೊಂದಕ್ಕೆ ಹಸಿರು ಮಿಶ್ರಿತ ನೀಲಿ ಬಣ್ಣ ಬಳಿದು ಬಾಗಿಲಲ್ಲಿ ಇಟ್ಟೆವು. ಪಾಪುಗೆ ಕಡಲೇಕಾಯಿ ಆಗಲ್ಲ. ಈ ಬಣ್ಣದ ಕುಂಬಳಕಾಯಿ ಇದ್ದರೆ ಆ ಮನೆಯಲ್ಲಿ ತಿನ್ನದ ಉಡುಗೊರೆಯೂ ಸಿಗುತ್ತೆ ಅಂತ ಅರ್ಥ. 2014ರಿಂದ ಅಮೆರಿಕದ ಎಲ್ಲಾ ಕಡೆ ಈ ರೂಢಿ ಹರಡಿದೆ, ಅಲರ್ಜಿ ಇರುವ ಮಕ್ಕಳ ತಾಯಂದಿರಿಗೆ ಇದು ಎಷ್ಟು ದೊಡ್ಡ ಸಮಾಧಾನ ಅಂತ ನನಗೆ ಗೊತ್ತು. ನಾವು ಸ್ಟಿಕ್ಕರ್ ಮತ್ತು ಪೆನ್ಸಿಲ್ ಇಟ್ಟೆವು.

ಅಕ್ಟೋಬರ್ 31, ಶುಕ್ರವಾರ

ಇಲ್ಲಿ ಅಕ್ಟೋಬರ್ ಕೊನೆಯ ಚಳಿ ನಂಬೋ ಹಾಗಿಲ್ಲ. 2019ರ ಹ್ಯಾಲೋವೀನ್ ದಿನ ಶಿಕಾಗೋದಲ್ಲಿ 3 ಇಂಚಿಗೂ ಜಾಸ್ತಿ ಹಿಮ ಬಿದ್ದಿತ್ತು. ಅದಕ್ಕೇ ಪುಟ್ಟಿಯ ಖಾಕಿ ಅಂಗಿಯನ್ನು ಜಾಕೆಟ್ ಮೇಲೆ ಹಾಕುವ ಹಾಗೆ ದೊಡ್ಡವರ ಅಳತೆಯದೇ ತಂದು ತೋಳು ಕತ್ತರಿಸಿದ್ದೆ. ಹಳೇ ಬಟ್ಟೆ ಅಂಗಡಿಯಲ್ಲಿ 4 ಡಾಲರ್.

ನಾಲ್ಕೂವರೆಗೆ ಹೊರಟೆವು. ಪುಟ್ಟಿ ಮುಂದೆ, ಪಾಪು ಹಿಂದೆ ದಿಂಬಿಗೆ ಒರಗಿ. ನಮ್ಮನೆಯವರು ಎಳೆದರು, ನಾನು ಬಲಗಡೆ ನಡೆದೆ. ಐದೂ ಮುಕ್ಕಾಲಿಗೆ ಸೂರ್ಯ ಮುಳುಗಿದ ಮೇಲೆ ಸೀರಿಯಲ್ ಸೆಟ್ಟು ಹಾಕಿದಾಗ ಹಳದಿ ಟಾಪು ಒಳಗಿನಿಂದ ಬೆಳಗಿತು. ಬೀದಿಯ ಮಕ್ಕಳೆಲ್ಲಾ ಸುತ್ತ ನಿಂತರು. ಒಬ್ಬ ಅಜ್ಜಿ ಇದೇನು ಅಂತ ಕೇಳಿದರು. ಪುಟ್ಟಿ ಇಂಗ್ಲಿಷಿನಲ್ಲಿ ಪೂರ್ತಿ ವಿವರಿಸಿದಳು: ಇದು ಬೆಂಗಳೂರು ಆಟೋ, ಎಡಗಡೆ ಹತ್ತಬೇಕು, ಮಿನಿಮಮ್ 36 ರೂಪಾಯಿ.

ಸರಿ ಹೋಗದ್ದೂ ಇತ್ತು. ಎಡ ಚಕ್ರ ಇಳಿಜಾರಿನಲ್ಲಿ ರಟ್ಟಿಗೆ ಉಜ್ಜುತ್ತಿತ್ತು. ಮಕ್ಕಳ ತೂಕಕ್ಕೆ ವ್ಯಾಗನ್ನಿನ ಬಟ್ಟೆ ಜಗ್ಗಿ, 4 ಇಂಚು ಬಿಟ್ಟ ಜಾಗ ಎರಡೂವರೆ ಆಗಿತ್ತು. 6 ಇಂಚು ಬಿಡಬೇಕಿತ್ತು. ಎಡಗಡೆ ಕನ್ನಡಿ ಎಲ್ಲೋ ಬಿದ್ದುಹೋಯಿತು. ಹಾರನ್ನಿನ ಸದ್ದಿಗೆ ಒಂದು ಸಣ್ಣ ಮಗು ಬೆಚ್ಚಿ ಅತ್ತುಬಿಟ್ಟಿತು, ಆಮೇಲೆ ಮನೆ ಬಾಗಿಲ ಹತ್ತಿರ ಹಾರನ್ ಇಲ್ಲ ಅಂತ ಮಾಡಿದೆವು. ಪಾಪು ಎರಡು ಸಲ ಬಲಗಡೆಯಿಂದ ಇಳಿಯೋಕೆ ನೋಡಿದ. ಕಂಬಿ ತಡೆಯಿತು.

ಮೀಟರು 23ಕ್ಕೆ ನಿಂತಾಗ ಪಾಪು ನಿದ್ದೆ ಹೋಗಿದ್ದ. ವಾಪಸ್ ಬಂದೆವು. ರಾತ್ರಿ ಮೇಜಿನ ಮೇಲೆ ಮಿಠಾಯಿ ಸುರಿದು ಮೂರು ಗುಡ್ಡೆ ಮಾಡಿದೆವು: ಕಡಲೇಕಾಯಿ ಇರುವುದು, ಜೆಲಟಿನ್ ಇರುವುದು, ನಾವು ತಿನ್ನಬಹುದಾದ್ದು. ಜೆಲಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಮಾಡುವಂಥದ್ದು, ನಾವು ಸಸ್ಯಾಹಾರಿಗಳು. ಗಮ್ಮಿ, ಮಾರ್ಷ್‌ಮೆಲೋ, ಕ್ಯಾಂಡಿ ಕಾರ್ನ್ ಇವುಗಳಲ್ಲಿ ಸಾಮಾನ್ಯವಾಗಿ ಜೆಲಟಿನ್ ಇರುತ್ತೆ, ಚೀಟಿ ಓದಲೇಬೇಕು. ಮೊದಲ ಎರಡು ಗುಡ್ಡೆ ಪಕ್ಕದ ಮನೆಗೆ ಹೋದವು.

ಖರ್ಚು, ಡಾಲರಿನಲ್ಲಿ: ಪೆಟ್ಟಿಗೆ 6, ಬಣ್ಣ 18, ಪೈಪು ಮತ್ತು ಎಲ್‌ಬೋ 12, ಡಕ್ಟ್ ಟೇಪು 9, ಅಂಟಿನ ಕಡ್ಡಿ 5, ಮೇಜುಹಾಸು 3, ಹಾರನ್ನು 9, ಫೆಲ್ಟ್ 5, ಹೊಳೆಯುವ ಟೇಪು 7, ಅಂಗಿ 4. ಆಟೋಗೆ 78. ಕುಂಬಳಕಾಯಿಗಳಿಗೆ 20. ಒಟ್ಟು 98. ಮೊದಲ ಕುಂಬಳಕಾಯಿ ಮತ್ತು ಮೂರನೇ ಡಬ್ಬಿ ಬಣ್ಣ ಉಳಿಸಬಹುದಿತ್ತು, ಅದು 18.

ನವೆಂಬರ್ 1, ಶನಿವಾರ

ಬೆಳಿಗ್ಗೆ ಎಂಟಕ್ಕೆ, ಊರಲ್ಲಿ ಸಂಜೆ ಆರೂವರೆ. ಉಳಿದಿದ್ದ ಹಳದಿ ಮೇಜುಹಾಸಿಗೆ ಕೆಳಗೆ ಕೆಂಪು ಕ್ರೇಪ್ ಕಾಗದ ಅಂಟಿಸಿ ಬಾವುಟ ಮಾಡಿ, ಉಳಿದಿದ್ದ 20 ಇಂಚಿನ ಪೈಪಿಗೆ ಕಟ್ಟಿದೆವು. ಮಾವನಿಗೆ ಕಾಲ್ ಮಾಡಿದರೆ ಅವರೂ ಸ್ಟ್ಯಾಂಡಿನಲ್ಲಿ ನಿಂತಿದ್ದರು. ಅವರ ಆಟೋಗೂ ಬಾವುಟ, ಸೇವಂತಿಗೆ ಹಾರ. ಫೋನನ್ನು ನಮ್ಮ ಆಟೋ ಸುತ್ತ ನಿಧಾನವಾಗಿ ತಿರುಗಿಸಿ ತೋರಿಸಿದೆ. ಹಿಂದಿನ ಬರಹ ಬಂದಾಗ ಮಾವ "ಅಲ್ಲೇ ನಿಲ್ಲಿಸು" ಅಂದರು. ಓದಿದರು. ಪಕ್ಕದಲ್ಲಿದ್ದ ಇನ್ನಿಬ್ಬರು ಡ್ರೈವರ್‌ಗಳನ್ನು ಕರೆದು ತೋರಿಸಿದರು. ಆಮೇಲೆ ಪುಟ್ಟಿಗೆ, "ಮುಂದಿನ ಚಕ್ರ ಸ್ವಲ್ಪ ದೊಡ್ಡದು ಮಾಡು, ಕನ್ನಡಿ ಹಾಕಿಸದೆ ಗಾಡಿ ತೆಗೀಬೇಡ" ಅಂದರು.

ನವೆಂಬರ್ 2, ಭಾನುವಾರ

ವ್ಯಾಗನ್ ತರಕಾರಿಗೆ ಬೇಕು. ಜಿಪ್ ಟೈ ಕತ್ತರಿಸಿ ಬಿಚ್ಚಿದೆವು. ರಟ್ಟಿನ ಆರು ತುಂಡಿಗೂ ಹಿಂಬದಿಯಲ್ಲಿ ಮಾರ್ಕರ್‌ನಿಂದ ನಂಬರ್ ಹಾಕಿ, ಗ್ಯಾರೇಜಿನ ಒಣ ಗೋಡೆಗೆ ಒರಗಿಸಿದೆ. ಮೀಟರು ಪುಟ್ಟಿಯ ಮೇಜಿನ ಮೇಲಿದೆ. ಕನ್ನಡಿಗೆ ಹಳೇ ಸಿ.ಡಿ. ಒಂದನ್ನು ಎತ್ತಿಟ್ಟಿದ್ದೇವೆ.